ಪದಚರ್ಚೆ: ಪ್ರೊಸೆಸರ್‌ಗೆ ಬರುವುದು ನಿದ್ದೆಯೋ, ಜೋಂಪೋ?

ಗೆಳೆಯರೇ,

ಕೆಲಸವಿಲ್ಲದಾಗ ಪ್ರೊಸೆಸರ್ ಕಣ್ಣುಮುಚ್ಚುವುದಕ್ಕೆ ನಾನು ಬಳಸಿದ 'ನಿದ್ದೆ' ಎಂಬ ಪದ ನನಗೆ ಕೈಕೊಟ್ಟಿದೆ. ಅದರ ಜಾಗಕ್ಕೆ ಇನ್ನೊಂದು ಹುಡುಕುತ್ತಿದ್ದೇನೆ.

ಶಿರಸಿಯಲ್ಲಿ ಪರಿಚಯದವರೊಬ್ಬರು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಹಳೇ ಲ್ಯಾಪ್‌ಟಾಪಿಗೆ ಕಳೆದ ಮಳೆಗಾಲದಲ್ಲಿ ನಾನೇ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದೆ. ಅಂದಿನಿಂದ ಅದಕ್ಕೊಂದು ಚಾಳಿ. ಟೈಪ್ ಮಾಡುವಷ್ಟು ಹೊತ್ತು ಚೆನ್ನಾಗೇ ಇರುತ್ತದೆ; ತೂಕದ ಚೀಟಿ ನೋಡಲು ಎರಡು ನಿಮಿಷ ಕೈ ತೆಗೆದರೆ ನಿಂತೇ ಹೋಗುತ್ತದೆ. ಮೂಲೆಯ ಗಡಿಯಾರ 4:17 ಎಂದು ತೋರಿಸಿದ್ದು ತೋರಿಸಿದ ಹಾಗೇ. ಬಾಣದ ಗುರುತು ಅಲುಗದು, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪವೂ ಹತ್ತದು. ಪವರ್ ಬಟನ್ ಅದುಮಿ ಹಿಡಿದು ಆರಿಸುವುದೊಂದೇ ದಾರಿ. ಯಂತ್ರ ತಾನೇ ಬರೆದಿಡುವ ಲಾಗ್ ತೆಗೆದು ನೋಡಿದರೆ ಆ ಹೊತ್ತಿನದ್ದು ಒಂದಕ್ಷರವೂ ಇಲ್ಲ. ಕೆಲಸವಿದ್ದಾಗ ಸರಿಯಿದ್ದು, ಸುಮ್ಮನಿದ್ದಾಗ ಕೈಕೊಡುತ್ತದೆ ಎಂದಮೇಲೆ ನನಗೆ ಪ್ರೊಸೆಸರಿನ ಸಿ-ಸ್ಟೇಟ್, ಅಂದರೆ ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಅದು ಇಳಿಯುವ ವಿರಾಮದ ಹಂತಗಳ ಮೇಲೆ ಅನುಮಾನ ಬಂತು. 2013ರಲ್ಲಿ ಬಂದ ಇಂಟೆಲ್‌ನ ಬೇ ಟ್ರೇಲ್ ಪೀಳಿಗೆಯ ಚಿಪ್‌ಗಳಲ್ಲಿ ಲಿನಕ್ಸ್ ಓಡಿಸಿದವರಿಗೆ ಈ ಬಗೆಯ ಕಾಟ ಗೊತ್ತಿರುತ್ತದೆ.

ಬಿಡಿಸಿ ಹೇಳಲು ಅವತ್ತು ಪುರುಸೊತ್ತಿರಲಿಲ್ಲ. "ಪ್ರೊಸೆಸರ್ ಆಳವಾದ ನಿದ್ದೆಗೆ ಹೋಗಿ ಏಳುತ್ತಿಲ್ಲ, ಆ ನಿದ್ದೆ ಬಂದ್ ಮಾಡಬೇಕು" ಎಂದು ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಅವರದೇ ಫೋನು: "ನೀ ಹೇಳ್ದಾಂಗೆ ನಿದ್ದೆ ಬಂದ್ ಮಾಡಿದ್ದಿ ಮಾರಾಯ, ಆದ್ರೂ ಹ್ಯಾಂಗ್ ಆಗ್ತು." ನೋಡಿದರೆ, ಮುಚ್ಚಳ ಮುಚ್ಚಿದಾಗ ಸ್ಲೀಪ್‌ಗೆ ಹೋಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದಿಟ್ಟಿದ್ದರು. ಅವರನ್ನು ಏನೆನ್ನುವುದು? ನಾನು ಬರೆದ ಕನ್ನಡಕ್ಕೆ ಇದ್ದದ್ದೇ ಆ ಅರ್ಥ.

ಮುಚ್ಚಳ ಮುಚ್ಚಿದಾಗಿನದ್ದು ಇಡೀ ಯಂತ್ರದ ನಿದ್ದೆ. ಪರದೆ, ಡಿಸ್ಕ್, ಪ್ರೊಸೆಸರ್ ಎಲ್ಲ ಆರಿ, ರ‍್ಯಾಮ್ ಒಂದು ಜೀವ ಹಿಡಿದುಕೊಂಡಿರುತ್ತದೆ. ಕಂಪ್ಯೂಟರುಗಳ ವಿದ್ಯುತ್ ಬಳಕೆ ನಿಭಾಯಿಸಲೆಂದು 1996ರಲ್ಲಿ ಬಂದ ಎಸಿಪಿಐ ಕಟ್ಟಳೆಯಲ್ಲಿ ಅದಕ್ಕೆ ಎಸ್3 ಎಂದು ಹೆಸರು. ಸಿ-ಸ್ಟೇಟ್ ಹಾಗಲ್ಲ, ಪ್ರೊಸೆಸರಿನ ಒಳಗಿನ ವ್ಯವಹಾರ. ಪರದೆ ಬೆಳಗುತ್ತಲೇ ಇರುತ್ತದೆ, ನಾವು ಕೂತು ಓದುತ್ತಲೇ ಇರುತ್ತೇವೆ. ಸಿ0 ಅಂದರೆ ಕೆಲಸದಲ್ಲಿದೆ. ಸಿ1ರಲ್ಲಿ ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ) ಕೈಕಟ್ಟಿ ಕಾಯುತ್ತದೆ, ಕರೆದರೆ ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಹಾಜರು. ಸಿ6ರಲ್ಲಿ ತನ್ನ ಬಳಿಯಿದ್ದದ್ದನ್ನೆಲ್ಲ ಬೇರೆಡೆ ಎತ್ತಿಟ್ಟು ಹೆಚ್ಚುಕಡಿಮೆ ಕರೆಂಟೇ ಇಲ್ಲದೆ ಇದ್ದುಬಿಡುತ್ತದೆ. ಮರಳಲು ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೋಸೆಕೆಂಡ್ ಬೇಕು. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಇದು ಎಷ್ಟೋ ಸಲ ಆಗಿ ಹೋಗಿರುತ್ತದೆ.

ಇದಕ್ಕೆ ನಿದ್ದೆ ಎನ್ನಲು ಈಗ ಮನಸ್ಸಿಲ್ಲ. 'ನಿಷ್ಕ್ರಿಯ' ಎನ್ನೋಣವೆಂದರೆ ಫೋನುಗಳ ಕನ್ನಡದಲ್ಲಿ 'ನಿಷ್ಕ್ರಿಯಗೊಳಿಸಿ' ಎಂದರೆ ಡಿಸೇಬಲ್ ಎಂದೇ ರೂಢಿಯಾಗಿದೆ. 'ಮಂಪರು' ಕಿವಿಗೆ ಇಂಪು, ಆದರೆ ಪತ್ರಿಕೆಗಳು 'ಮಂಪರು ಪರೀಕ್ಷೆ' ಎಂದು ಬರೆದೂ ಬರೆದೂ ಅದಕ್ಕೆ ಪೊಲೀಸರ ವಾಸನೆ ಅಂಟಿಸಿವೆ. 'ಸುಪ್ತಾವಸ್ಥೆ' ವಿಜ್ಞಾನ ಪುಸ್ತಕದ ಕಪ್ಪೆಗಿರಲಿ. 'ತೂಕಡಿಕೆ'ಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವನ ಛಾಯೆಯಿದೆ. ಪ್ರೊಸೆಸರ್ ಮಾಡುವುದು ತಪ್ಪಲ್ಲ, ಉಳಿತಾಯ.

ನನಗೆ ಹಿಡಿಸಿದ್ದು 'ಜೋಂಪು'. ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಹಸಿ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತ ಆಯಿಗೆ ಹನ್ನೊಂದರ ಹೊತ್ತಿಗೆ ರೆಪ್ಪೆ ಕೂಡುತ್ತಿತ್ತು. ಬೆರಳ ನಡುವಿನ ಅಡಿಕೆ ಅರ್ಧ ಸಿಪ್ಪೆಯಲ್ಲಿ ಹಾಗೇ ನಿಲ್ಲುತ್ತಿತ್ತು. ಯಾರೋ ಬುಟ್ಟಿ ಸುರುವಿದ ಸದ್ದಾದರೆ ಸಾಕು, ಕೈ ಅದೇ ಅಡಿಕೆಯ ಉಳಿದರ್ಧ ಸುಲಿದು ಮುಂದಿನದಕ್ಕೆ ಹೋಗುತ್ತಿತ್ತು. "ನಿದ್ದೆ ಬಂತಾ ಆಯಿ?" ಎಂದು ಕೇಳಿದರೆ, "ನಿದ್ದೆ ಅಲ್ದೋ, ಬರೀ ಜೋಂಪು." ಕೂತಲ್ಲಿಂದ ಏಳದೆ, ಕೈಯಲ್ಲಿದ್ದದ್ದು ಕೆಳಗೆ ಬೀಳದೆ, ಸದ್ದಾದ ಕೂಡಲೇ ಬಿಟ್ಟಲ್ಲಿಂದ ಶುರು. ಸಿ1 ಅಂದರೆ ಇಷ್ಟೇ.

ತೊಡಕಿರುವುದು ಸಿ6ರಲ್ಲಿ. ಅಲ್ಲಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟೇ ಕಣ್ಣು ಮುಚ್ಚುವುದು. ಅದಕ್ಕೂ ಜೋಂಪು ಎನ್ನಬಹುದೇ? 'ಗಾಢ ಜೋಂಪು' ಎಂದು ಬರೆದು ನೋಡಿದೆ, ಬಿಸಿ ಐಸ್‌ಕ್ರೀಮ್ ಎಂದಂತಾಯಿತು. ಸದ್ಯಕ್ಕೆ 'ಆಳದ ಜೋಂಪು' ಎಂದಿಟ್ಟಿದ್ದೇನೆ, ಸಮಾಧಾನವಿಲ್ಲ.

ಹ್ಯಾಂಗ್ ಆಗುವುದಕ್ಕೆ 'ಹೆಪ್ಪುಗಟ್ಟು' ಎಂದು ಕೆಲವರು ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಮೊಸರು ಹೆಪ್ಪಾಗಲು ರಾತ್ರಿಯಿಡೀ ಬೇಕು; ಇದು ಕಣ್ಣೆವೆ ಮುಚ್ಚುವುದರೊಳಗೆ ಆಗುವಂಥದ್ದು. 'ಸ್ಥಗಿತ' ಎಂದರೆ ಬಸ್ಸೋ ಕರೆಂಟೋ ಯಾರೋ ನಿಲ್ಲಿಸಿದ ಹಾಗೆ. 'ಗರ ಬಡಿದ ಹಾಗೆ ನಿಂತಿತು' ಎನ್ನುವುದರಲ್ಲಿ ಆ ಗಡಿಯಾರ, ಆ ಬಾಣ ಎರಡೂ ಕಾಣುತ್ತವೆ, ಆದರೆ ಕೈಪಿಡಿಯಲ್ಲಿ ಹಾಗೆ ಬರೆದರೆ ಜನ ತಾಯಿತ ಹುಡುಕಿಯಾರು. 'ಹ್ಯಾಂಗ್' ಎಂದೇ ಬಿಡುವುದು ವಾಸಿ. ಶಿರಸಿಯ ಪೇಟೆಯಿಂದ ಕಾರವಾರದ ಬಂದರಿನ ತನಕ ಎಲ್ಲರ ಬಾಯಲ್ಲೂ ಅದೇ ಇದೆ.

ಲ್ಯಾಪ್‌ಟಾಪ್ ಏನಾಯಿತು ಎಂದು ಕೇಳುವವರಿಗೆ: ಲಿನಕ್ಸ್ ಅನ್ನು ಚಾಲೂ ಮಾಡುವ ಗ್ರಬ್ ಎಂಬ ತಂತ್ರಾಂಶದ ಸಾಲಿನಲ್ಲಿ ಮ್ಯಾಕ್ಸ್_ಸಿಸ್ಟೇಟ್ ಮಿತಿಯನ್ನು 1ಕ್ಕೆ ಕಟ್ಟಿಹಾಕಿ (ಸಿ1ಕ್ಕಿಂತ ಆಳಕ್ಕೆ ಇಳಿಯದ ಹಾಗೆ), ಗ್ರಬ್ ಹೊಸದಾಗಿ ಬರೆಸಿ, ಮತ್ತೆ ಚಾಲೂ ಮಾಡಿದೆ. ಮೂರು ವಾರದಿಂದ ನಿಂತಿಲ್ಲ. ಬ್ಯಾಟರಿ ಬೇಗ ಇಳಿಯುತ್ತದೆ, ತಳ ಬೆಚ್ಚಗಾಗುತ್ತದೆ; ವಖಾರಿಯಲ್ಲಿ ಚಾರ್ಜರ್ ಸಿಕ್ಕಿಸಿಯೇ ಇಡುವುದರಿಂದ ಅವರಿಗೆ ಅಡ್ಡಿಯಿಲ್ಲ.

ಈಗ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಂಚಬೇಕೆಂದಿದ್ದೇನೆ. ಜೋಂಪು 'ಹತ್ತುತ್ತದೆ', ಸರಿ. ಅದು ಹೋಗುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ನಿದ್ದೆಯಾದರೆ 'ತಿಳಿಯುತ್ತದೆ', ಜೋಂಪೂ ತಿಳಿಯುತ್ತದೆಯೋ, ಹರಿಯುತ್ತದೆಯೋ, ಇಳಿಯುತ್ತದೆಯೋ? ಅಂಕೋಲಾ, ಕುಮಟಾ ಕಡೆಯವರು, ಹಾಲಕ್ಕಿ ಕನ್ನಡ ಬಲ್ಲವರು, ಕಾರವಾರದ ಕೊಂಕಣಿ ಮನೆಮಾತಿನವರು ತಮ್ಮ ಮನೆಯ ಮಾತನ್ನು ಆಡುವ ಹಾಗೇ ಬರೆದು ಕಳಿಸಿದರೆ ಉಪಕಾರ.