ಬೋಯಿಕೇರಿ ಏರಿನಲ್ಲಿ ಪದ್ಮಿನಿ ನಿಲ್ಲುತ್ತದೆ, ಎಂಜಿನ್ ಇಳಿಸಲೇಬೇಕಾ?

ಕುಶಾಲನಗರದ ಫಿಯೆಟ್:
ಎಲ್ಲರಿಗೂ ನಮಸ್ಕಾರ. ಅಜ್ಜ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಯಲ್ಲಿದೆ, 1984ರ ಗಾಡಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಏನೂ ತೊಂದರೆ ಇಲ್ಲ. ಮಡಿಕೇರಿ ಕಡೆ ಹೊರಟರೆ ಸುಂಟಿಕೊಪ್ಪ ದಾಟುವವರೆಗೂ ಸರಿ. ಬೋಯಿಕೇರಿ ಹತ್ತಿರ ಏರಿನಲ್ಲಿ ಜಗ್ಗಲು ಶುರು ಮಾಡಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್! ಟೆಂಪರೇಚರ್ ಮುಳ್ಳು ಮೇಲೆ ಹೋಗಿಲ್ಲ, ರೇಡಿಯೇಟರ್ ನೀರೂ ಕಡಿಮೆ ಆಗಿಲ್ಲ.

ಗ್ಯಾರೇಜಿನವರೊಬ್ಬರು ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್ ಕೊರೆಸಬೇಕು ಎಂದರು. ಹೊಗೆ ಬರಲ್ಲ, ಆಯಿಲ್ ತಿನ್ನಲ್ಲ. ಮತ್ತೆ ಬೋರ್ ಯಾಕೆ ಅಂತ ನನಗೆ ಅನುಮಾನ. ಸ್ಪ್ಯಾನರ್ ಸೆಟ್, ಫೀಲರ್ ಗೇಜ್ ಎರಡೂ ಇವೆ, ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದು ಗೊತ್ತು. ಮನೆಯಲ್ಲೇ ಎಲ್ಲಿಂದ ಶುರು ಮಾಡಲಿ?

ತೋಟದ ಜೀಪು:
ಇದು ಏರ್ ಲಾಕ್ ಅಕ್ಕ, ಬೇರೆ ಏನೂ ಅಲ್ಲ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತದೆ. ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಖಾಯಂ ಪರಿಹಾರ ಬೇಕಂದ್ರೆ ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಕಾರ್ಬೊರೇಟರ್ ಜೆಟ್ (ಪೆಟ್ರೋಲ್ ಬರುವ ತೂತು) ಒಂದು ಸೈಜ್ ದೊಡ್ಡದು ಮಾಡಿಸಿ.

ಹಳೇ ಸ್ಪ್ಯಾನರ್, ನಾಪೋಕ್ಲು:
ನೋಡಮ್ಮಾ, ಮನೆಯಲ್ಲಿ ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ಶೆಡ್ಡಿನಲ್ಲಿ ಚೆನ್ನಾಗಿರುವ ಗಾಡಿಯನ್ನು ಶೆಡ್ಡಿನಲ್ಲಿ ಬಿಚ್ಚಿದರೆ ಏನು ಕಾಣಿಸುತ್ತದೆ? ಅದು ರಸ್ತೆಯಲ್ಲಿ ನಿಂತಾಗ, ಬಿಸಿ ಇರುವಾಗಲೇ ನೋಡಬೇಕು. ಆರಿದ ಮೇಲೆ ಸಾಕ್ಷಿ ಸಿಗುವುದಿಲ್ಲ.

ನಿಂತ ಕೂಡಲೇ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದ ಸದ್ದು ಬಂದರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ ಎಂದರ್ಥ. ನಿಂತ ಗಾಡಿಯಲ್ಲಿ ಇಂಥ ತೂತಿಗೆ ಕಣಜ ಮಣ್ಣು ಮೆತ್ತುವುದು ನಮ್ಮ ಕಡೆ ಹೊಸದೇನಲ್ಲ. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಹೇಗೋ ಗಾಳಿ ನುಸುಳಿ ಮತ್ತೆ ಓಡುತ್ತದೆ. ನಿಮ್ಮ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ, ಖರ್ಚು ಒಂದು ಸೂಜಿ.

ಸದ್ದು ಬರಲಿಲ್ಲವಾ? ಏರ್ ಕ್ಲೀನರ್ ತೆಗೆದು ಕಾರ್ಬೊರೇಟರ್ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಕಡ್ಡಿಯನ್ನು ಕೈಯಿಂದ ಎಳೆಯಿರಿ. ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಜೀಪಿನವರು ಹೇಳಿದ್ದು ಇರಬಹುದು, ಇಲ್ಲವೇ ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಾಮ್ ಸೋತಿರಬಹುದು. ಚಿಮ್ಮಿದರೆ ಪೆಟ್ರೋಲ್ ಕಡೆ ಬಿಟ್ಟು ಕರೆಂಟ್ ಕಡೆ ಬನ್ನಿ.

ಅದಕ್ಕೆ ಮುಂಚೆ ಏರ್ ಕ್ಲೀನರ್ ಮುಚ್ಚಿ. ಎಲ್ಲೂ ಪೆಟ್ರೋಲ್ ಚೆಲ್ಲಿರಬಾರದು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವುದು ಕಾಯಿಲ್, ಅದನ್ನು ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಮುಚ್ಚಳದಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ ಬ್ಲಾಕಿನಿಂದ ಅರ್ಧ ಸೆಂಟಿಮೀಟರ್ ದೂರ ಇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಕಿಡಿ ನೀಲಿಯಾಗಿ, ಚಟ್ ಎಂದು ಹಾರಿದರೆ ಒಳ್ಳೆಯದು. ಹಳದಿಯಾಗಿ, ತೆಳ್ಳಗೆ ಬಂದರೆ ತಪ್ಪು ಕಂಡೆನ್ಸರಿನದು ಅಥವಾ ಕಾಯಿಲಿನದು. ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್ಚೇ ಪಾಯಿಂಟ್, ಅದು ಸುಡದಂತೆ ಕಾಯುವುದು ಕಂಡೆನ್ಸರ್. ಕಂಡೆನ್ಸರ್, ಕಾಯಿಲ್ ಎರಡೂ ತಣ್ಣಗಿದ್ದಾಗ ಸುಮ್ನೆ ಕೆಲಸ ಮಾಡಿ, ಬಿಸಿಯಾದಾಗ ಕೈಕೊಡುವ ಸಾಮಾನುಗಳು. ಏರಿನಲ್ಲಿ ಲೋಡ್ ಬಿದ್ದಾಗ ಇನ್ನೂ ಜಾಸ್ತಿ.

ಜೀಪಿನವರೇ, ಒದ್ದೆ ಬಟ್ಟೆಗೆ ನನ್ನ ತಕರಾರಿಲ್ಲ. ಎಲೆಕ್ಟ್ರಿಕ್ ಪಂಪಿಗೆ ಇದೆ. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ಆ ಹೆಚ್ಚಿನ ಪ್ರೆಶರಿಗೆ, ಪೆಟ್ರೋಲ್ ನಿಲ್ಲಿಸುವ ಫ್ಲೋಟಿನ ನೀಡಲ್ ತಡೆಯದೆ ಕಾರ್ಬೊರೇಟರ್ ಉಕ್ಕುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿದರೆ ಬೆಂಕಿಯೇ. ಜೆಟ್ಟನ್ನೂ ಮುಟ್ಟಬೇಡಿ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುವುದರಿಂದ ಹಳೇ ಜೆಟ್ಟಿಗೆ ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಬೆರಕೆ) ತೆಳುವಾಗುತ್ತದೆ, ನಿಜ. ಆದರೆ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯೇ ತೆಳು, ಹಾಗಾಗಿ ಮಿಕ್ಸ್ಚರ್ ದಪ್ಪವಾಗುತ್ತದೆ. ಅದು ಕಳೆದದ್ದನ್ನು ಇದು ಬಹುಮಟ್ಟಿಗೆ ತುಂಬಿಕೊಡುತ್ತದೆ. ಮಂಗಳೂರಿಗೆ ಇಳಿಯುವವರು ಬೇಕಾದರೆ ಯೋಚಿಸಲಿ.

ಬೋರ್ ವಿಷಯ: ಹೊಗೆ ಇಲ್ಲ, ಆಯಿಲ್ ಖರ್ಚಿಲ್ಲ, ಒಂದೇ ಸೆಲ್ಫಿಗೆ ಸ್ಟಾರ್ಟ್. ಕಂಪ್ರೆಷನ್ (ಸಿಲಿಂಡರಿನ ಒತ್ತಡ) ನೋಡದೆ ಬೋರ್ ಅನ್ನುವವರಿಗೆ ಗಾಡಿ ಕೊಡಬೇಡಿ.

ಕುಶಾಲನಗರದ ಫಿಯೆಟ್:
ಅಂಕಲ್, ಭಾನುವಾರ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೆದಕಲ್ ದಾಟಿದ ಮೇಲೆ ನಿಂತಿತು. ಮುಚ್ಚಳದಲ್ಲಿ ಸದ್ದಿಲ್ಲ. ಪೆಟ್ರೋಲ್ ಚೆನ್ನಾಗಿ ಚಿಮ್ಮಿತು. ಕಿಡಿ ಮಾತ್ರ ಹಳದಿ, ಅದೂ ಬಿಟ್ಟು ಬಿಟ್ಟು ಬರುತ್ತಿತ್ತು. ಮನೆಗೆ ಬಂದು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟ್ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದೆ. ಅರ ಹಾಕಿ ಉಜ್ಜಿದರೆ ಸಾಕಾ?

ಹಳೇ ಸ್ಪ್ಯಾನರ್, ನಾಪೋಕ್ಲು:
ಸಾಕಾಗಲ್ಲ. ಗುಳಿ-ಗುಬ್ಬಿ ಅಂದರೆ ಕಂಡೆನ್ಸರ್ ಮೇಲೆಯೇ ಮೊದಲ ಅನುಮಾನ. ಪಾಯಿಂಟ್ ಮಾತ್ರ ಹೊಸದು ಹಾಕಿದರೆ ಅದೂ ಹೀಗೇ ಸುಡುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಡಿಸ್ಟ್ರಿಬ್ಯೂಟರ್ ಯಾವ ಕಂಪನಿಯದೋ ಅದಕ್ಕೆ ತಕ್ಕ ಸಾಮಾನು ಬೇಕು. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ.

ಕೂರಿಸುವಾಗ ಎಂಜಿನ್ ತಿರುಗಿಸಿ, ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ ನೋಡಿ. 0.4 ಮಿಲಿಮೀಟರ್ ಆಸುಪಾಸು ಇರುತ್ತದೆ, ಸರಿಯಾದ ಲೆಕ್ಕ ನಿಮ್ಮ ಡಿಸ್ಟ್ರಿಬ್ಯೂಟರಿನದೇ ಆಗಿರಲಿ. ಫೀಲರ್ ಬ್ಲೇಡಿನ ಎಣ್ಣೆ ಒರೆಸಿಕೊಳ್ಳಿ, ಪಾಯಿಂಟಿಗೆ ಎಣ್ಣೆ ತಗುಲಿದರೆ ಅದೂ ಸುಡುತ್ತದೆ. ಪಾಯಿಂಟ್ ತೆರೆಯುವ ಕ್ಯಾಮಿಗೆ ಮಾತ್ರ ಚೂರು ಗ್ರೀಸ್. ಗ್ಯಾಪ್ ಬದಲಾದರೆ ಕಿಡಿ ಹಾರುವ ಟೈಮಿಂಗೂ ಬದಲಾಗುತ್ತದೆ, ಕೊನೆಯಲ್ಲಿ ಅದನ್ನೂ ನೋಡಿ. ಆಮೇಲೂ ಕಿಡಿ ಹಳದಿಯಾಗಿದ್ದರೆ ಕಾಯಿಲ್.

ತೋಟದ ಜೀಪು:
ಸರಿ ಅಂಕಲ್, ಏರ್ ಲಾಕ್ ಅಲ್ಲ, ಒಪ್ಪಿದೆ. ಆದರೆ ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್?

ಹಳೇ ಸ್ಪ್ಯಾನರ್, ನಾಪೋಕ್ಲು:
ಒಳ್ಳೆಯ ಪ್ರಶ್ನೆ. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಬಯಲಿನಲ್ಲಿ, ಬೆಂಕಿ ಇಲ್ಲದ ಕಡೆ, ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಇಳಿಸಿ ನೋಡಿ. ಎರಡು ಪದರ ಕಂಡರೆ ಪೂರ್ತಿ ಖಾಲಿ ಮಾಡಿ. ಅದೇ ಕೈಯಲ್ಲಿ ರಬ್ಬರ್ ಪೈಪುಗಳನ್ನೂ ಒತ್ತಿ ನೋಡಿ. 1984ರ ರಬ್ಬರ್ ಎಥೆನಾಲಿಗೆ ಮಾಡಿದ್ದಲ್ಲ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಇ20ಕ್ಕೆ (20 ಪರ್ಸೆಂಟ್ ಎಥೆನಾಲ್ ಪೆಟ್ರೋಲಿಗೆ) ಆಗುವ ಪೈಪ್ ಕೇಳಿ ಹಾಕಿಸಿ. ಕಂಡೆನ್ಸರಿಗಿಂತ ಅದೇ ಅರ್ಜೆಂಟು.