ಪದ ಬೇಕು: ‘ಲಿಸನಿಂಗ್ ಥೆರಪಿ’ಗೆ ಕನ್ನಡ (ಬೋರ್ಡಿಗೆ, ಸಂಜೆಯೊಳಗೆ)

ಶಿವಮೊಗ್ಗದಿಂದ:
ಇಲ್ಲಿನ ಒಂದು ಮಕ್ಕಳ ಕೇಂದ್ರದ ಬೋರ್ಡು, ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಆಟಿಸಂ ಇರುವ, ಓದು-ಬರಹ ಕಷ್ಟವಾಗುವ ಮಕ್ಕಳಿಗೆ ಹೆಡ್‌ಫೋನ್ ಹಾಕಿ, ಕೆಲವು ಸ್ವರಗಳನ್ನು ಸೋಸಿ ತೆಗೆದ ಸಂಗೀತ ಕೇಳಿಸುತ್ತಾರಂತೆ. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ, 10 ದಿನ. ‘ಶ್ರವಣ ಚಿಕಿತ್ಸೆ’ ಎಂದರೆ ಕಿವಿ ಕೇಳಿಸದವರಿಗೆ ಅಂದುಕೊಳ್ಳುತ್ತಾರೆ, ಅಲ್ವಾ? ಫ್ಲೆಕ್ಸ್‌ನವನು ಕಾಯುತ್ತಿದ್ದಾನೆ.

ಸಾಗರದಿಂದ:
ಆಲಿಕೆ. ತೆಲುಗಿನಲ್ಲೂ ಆಲಿಂಚು ಇದೆ, ನಮ್ಮದೇ ಬಳಗದ ಪದ. ‘ಆಲಿಕೆಮದ್ದು’ ಅಂತ ಹಾಕಿಬಿಡಿ, ಮಲೆನಾಡಿನಲ್ಲಿ ಮದ್ದು ಅಂದರೆ ಯಾರಿಗೆ ಗೊತ್ತಾಗಲ್ಲ? ಶ್ರವಣವೂ ಸಂಸ್ಕೃತದ ಸಾಲ, ಚಿಕಿತ್ಸೆಯೂ ಸಾಲ.

ತೀರ್ಥಹಳ್ಳಿಯಿಂದ:
ಆಲಿಕೆ ಇರಲಿ. ಮದ್ದು ಖಂಡಿತ ಬೇಡ, ಚಿಕಿತ್ಸೆಯೂ ಬೇಡ. ಮಕ್ಕಳಿಗೆ ಮಾತು ಕಲಿಸುವುದೇ ನನ್ನ ಕೆಲಸ, ಅದಕ್ಕೆ ಹೇಳುತ್ತಿದ್ದೇನೆ. ನೀವು ಬರೆದದ್ದು ಫ್ರಾನ್ಸಿನ ಕಿವಿ-ಮೂಗು-ಗಂಟಲಿನ ವೈದ್ಯ ಗೀ ಬೆರಾರ್ ಅವರ ಪದ್ಧತಿ. ಅದಕ್ಕೂ ಮೊದಲು ಅಲ್ಲೇ ತೊಮಾಟಿಸ್ ಎಂಬುವರು ಇಂಥದ್ದೇ ಒಂದನ್ನು ಶುರು ಮಾಡಿದ್ದರು. ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಿಶೀಲನೆ ಇವೆರಡರ ಮೇಲೆ ನಡೆದ 7 ಪ್ರಯೋಗಗಳನ್ನು ನೋಡಿತು, ಆಟಿಸಂ ಇರುವ ಒಟ್ಟು 182 ಜನ, ಉಪಯೋಗ ಇದೆ ಎನ್ನಲು ಪುರಾವೆ ಸಾಲದು ಎಂದಿತು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2004ರಲ್ಲೇ ಬೆರಾರ್ ಪದ್ಧತಿಯನ್ನು ಒಪ್ಪಿರಲಿಲ್ಲ. ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಅರ್ಧ ಮಕ್ಕಳಿಗೆ ಸೋಸಿದ ಸಂಗೀತ, ಉಳಿದವರಿಗೆ ಅದೇ ಸಂಗೀತ ಸೋಸದೆ ಕೇಳಿಸಿದರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿತು. ಹಾಗಾದರೆ ಆ ಯಂತ್ರ ಸೋಸಿದ್ದರಿಂದ ಏನಾಯಿತು? ಮಗು ಬೆಳೆಯುತ್ತಲೇ ಇರುತ್ತದೆ, ಜೊತೆಗೆ ಬೇರೆ ತರಬೇತಿಯೂ ನಡೆದಿರುತ್ತದೆ, ಹೆಸರು ಮಾತ್ರ ಹೆಡ್‌ಫೋನಿಗೆ.

ಹೊಸನಗರದಿಂದ:
ಕೇಳಿದ್ದು ಪದ, ಪುರಾವೆ ಅಲ್ಲ. ಚಿಕಿತ್ಸೆ ‘ಚಿತ್’ ಧಾತುವಿನ ಸನ್ನಂತದಿಂದ (ಸಂಸ್ಕೃತದಲ್ಲಿ ಬಯಕೆ ಸೂಚಿಸುವ ರೂಪ) ಬಂದದ್ದು, ಗಮನಿಸುವುದಕ್ಕೆ ಸಂಬಂಧಿಸಿದ ಧಾತು. ವಾಸಿಯಾಗುತ್ತದೆ ಎಂಬ ಭರವಸೆ ಅದರಲ್ಲಿ ಎಲ್ಲಿದೆ?

ತೀರ್ಥಹಳ್ಳಿಯಿಂದ:
ಧಾತು ನೋಡಿ ಫೀಸು ಕಟ್ಟುವ ಅಪ್ಪ-ಅಮ್ಮನನ್ನು ನಾನು ಕಂಡಿಲ್ಲ ಸಾರ್. ಬೋರ್ಡಿನಲ್ಲಿ ಚಿಕಿತ್ಸೆ ಅಂತ ಓದಿದರೆ ಗುಣವಾಗುತ್ತದೆ ಅಂತಲೇ ಬರುತ್ತಾರೆ. ‘ಸಂಗೀತ ಆಲಿಸುವ ಅಭ್ಯಾಸ’ ಎನ್ನಿ. ನಡೆಯುವುದು ಅಷ್ಟೇ.

ಸಾಗರದಿಂದ:
ಸಂಗೀತ ಸಂಸ್ಕೃತ. ಅಭ್ಯಾಸವೂ ಸಂಸ್ಕೃತ.

ಹೊಸನಗರದಿಂದ:
ಹೆಡ್‌ಫೋನಿಗೆ ಏನಂತೀರಿ ಮಾರಾಯ್ರೆ, ಕಿವಿಮುಚ್ಚಳವಾ? ಬಸ್ಸು, ಬೆಂಚು, ಡಾಕ್ಟ್ರು ಎಲ್ಲ ದಕ್ಕಿದ ಭಾಷೆಗೆ ಥೆರಪಿ ದಕ್ಕುವುದಿಲ್ಲವೇ? ಸುಮ್ನೆ ಮಡಿ ಮಾಡಬೇಡಿ.

ಸಾಗರದಿಂದ:
ದಕ್ಕುವುದು ಬೇರೆ, ತುರುಕುವುದು ಬೇರೆ. ನಿಮ್ಮ ಜೊತೆ ವಾದ ಬೇಡ.

ಶಿವಮೊಗ್ಗದಿಂದ:
‘ಆಲಿಸುವ ಅಭ್ಯಾಸ’ ಎಂದು ಕಳಿಸಿದೆ. ಕೇಂದ್ರದವರ ಫೋನು ಬಂತು, ಹಾಗೆ ಹಾಕಿದರೆ ಯಾರೂ ಬರುವುದಿಲ್ಲವಂತೆ, ‘ಥೆರಪಿ’ಯೇ ಇರಲಿ ಎನ್ನುತ್ತಿದ್ದಾರೆ. ಕರಪತ್ರದ ಅನುವಾದ ಇನ್ನೂ ಕೊಟ್ಟಿಲ್ಲ. ತೀರ್ಥಹಳ್ಳಿ ಮೇಡಂ, ಆ ಕಾಕ್ರೇನ್ ವಿಷಯ ಅವರಿಗೆ ತೋರಿಸಲು ಎರಡು ಸಾಲಿನಲ್ಲಿ ಬರೆದುಕೊಡುತ್ತೀರಾ?