ಪದ ಬೇಕು: ಮೈಕ್ರೋಫಿಲ್ಮ್ ಡಿಜಿಟೈಸೇಶನ್‌ಗೆ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್.

ಉಡುಪಿಯ ಒಂದು ಲೈಬ್ರರಿಯಲ್ಲಿ ನನ್ನ ಕೆಲಸ. ಹಳೆಯ ಪತ್ರಿಕೆಗಳನ್ನು, ಕೆಲವು ಕಡತಗಳನ್ನು ಎಷ್ಟೋ ವರ್ಷದ ಹಿಂದೆ ಮೈಕ್ರೋಫಿಲ್ಮ್ ಮಾಡಿಸಿ, ಅಂದರೆ ಪುಟಗಳ ಫೋಟೋ ತೀರಾ ಚಿಕ್ಕದಾಗಿ ಫಿಲ್ಮಿನ ಮೇಲೆ ತೆಗೆಸಿ, ಇಟ್ಟಿದ್ದರು. 35 ಮಿ.ಮೀ. ಫಿಲ್ಮು, ಒಂದೊಂದು ಸುರುಳಿ 100 ಅಡಿ. ಈಗ ಅವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದೇವೆ. ಆ ಕೋಣೆಯ ಬಾಗಿಲಿಗೆ ಒಂದು ಬೋರ್ಡು ಬೇಕು. ಮೇಲಿನಿಂದ ಬಂದ ಕರಡಿನಲ್ಲಿ "ಸೂಕ್ಷ್ಮಚಿತ್ರ ಅಭಿಲೇಖ ಅಂಕೀಕರಣ ವಿಭಾಗ" ಅಂತ ಇದೆ. ನಮ್ಮ ಅಟೆಂಡರ್ ಓದಿ, "ಅಂಕ ಅಂದ್ರೆ ಕೋಳಿ ಅಂಕವಾ ಅಕ್ಕಾ?" ಅಂದರು. ನಗು ಬಂತು. ಆದರೆ ಉತ್ತರ ಹೊಳೆಯಲಿಲ್ಲ.

ಅಂಕೀಕರಣ, ಗಣಕೀಕರಣ, ಡಿಜಿಟಲೀಕರಣ, ಯಾವುದು ಹಾಕಲಿ? ಮೈಕ್ರೋಫಿಲ್ಮಿಗೆ "ಕಿರುಚಿತ್ರ" ಅಂತ ಮಾತ್ರ ಹೇಳಬೇಡಿ. ಸಿನಿಮಾ ತೋರಿಸ್ತಾರೆ ಅಂತ ಜನ ಬಂದು ಕೂತಾರು.

ಮರು:
ಅಂಕೀಕರಣವೇ ಸರಿ. ಡಿಜಿಟ್ ಅಂದರೆ ಅಂಕೆ. ಇದರಲ್ಲಿ ಚರ್ಚೆ ಎಂತದು?

ಮರು:
ಡಿಜಿಟ್ ಅಂದರೆ ಮೊದಲು ಅಂಕೆಯಲ್ಲ ಸ್ವಾಮಿ, ಬೆರಳು. ಲ್ಯಾಟಿನ್ನಿನ ಡಿಜಿಟಸ್. ಬೆರಳು ಮಡಚಿ ಎಣಿಸಿದ್ದರಿಂದ ಅಂಕೆ ಅನ್ನುವ ಅರ್ಥ ಬಂತು. ಹಾಗಾಗಿ ಹಿಡಿಯಬೇಕಾದದ್ದು ನಮ್ಮ "ಎಣ್" ಧಾತುವನ್ನು. ತಮಿಳಿನಲ್ಲಿ ಎಣ್, ತುಳುವಿನಲ್ಲಿ ಎಣ್ಣುನಿ, ನಮ್ಮಲ್ಲಿ ಎಣಿಸು. "ಕಿರುಸುರುಳಿ ಎಣಿಮಾರ್ಪು" ಅಂತ ಬರೆಸಿ. 1843ರಲ್ಲಿ ಇದೇ ಮಂಗಳೂರಿನಿಂದ "ಮಂಗಳೂರ ಸಮಾಚಾರ" ಪತ್ರಿಕೆ ಹೊರಟದ್ದು ಕಲ್ಲಚ್ಚಿನಲ್ಲಿ. ಕಲ್ಲು, ಅಚ್ಚು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಈಗ ಯಾಕೆ ಎಲ್ಲದಕ್ಕೂ ಈ "ಕರಣ"?

ಮರು:
ಎಣಿಮಾರ್ಪು ಅಂತ ಬೋರ್ಡು ಹಾಕಿದರೆ ನೋಟು ಎಣಿಸುವ ಕೋಣೆ ಅಂದುಕೊಂಡು ಜನ ಚಿಲ್ಲರೆ ಕೇಳಲಿಕ್ಕೆ ಬರ್ತಾರೆ ಮಾಷ್ಟ್ರೇ.

ಗಣಕೀಕರಣವೂ ಬೇಡ. ಅದು ಬೇರೆ ಕೆಲಸ. ಭೂಮಿ ಯೋಜನೆಯಲ್ಲಿ ಪಹಣಿಗೆ ಆದದ್ದು ಗಣಕೀಕರಣ. ಹೆಸರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಟೈಪ್ ಮಾಡಿ ಸೇರಿಸಿದರು, ಹುಡುಕಿದರೆ ಸಿಗುತ್ತದೆ. ಇಲ್ಲಿ ಸಿಗುವುದು ಬರೀ ಪುಟದ ಚಿತ್ರ. ಅದರೊಳಗೆ ಒಂದು ಹೆಸರು ಹುಡುಕಬೇಕಾದರೆ ಮೇಲೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರೇ ಓದಿ ಪಠ್ಯ ಮಾಡುವುದು) ಆಗಬೇಕು. ಮಸುಕಾದ ಫಿಲ್ಮಿನಲ್ಲಿ ಕನ್ನಡದ ಒತ್ತಕ್ಷರ ಕಂಡರೆ ಅದಕ್ಕೂ ತಿಣುಕಾಟ. ಬೋರ್ಡಿನಲ್ಲಿ ಗಣಕೀಕರಣ ಅಂತ ಹಾಕಿ, ಅಜ್ಜನ ಹೆಸರು ಹುಡುಕಿ ಕೊಡಿ ಅಂತ ಯಾರಾದರೂ ಬಂದರೆ ಏನು ಹೇಳ್ತೀರಿ?

ಮರು:
ಸ್ಕ್ಯಾನ್, ಓಸಿಆರ್, ಫಿಲ್ಮ್, ಟೈಪ್. ನಿಮ್ಮ ಬರಹದಲ್ಲಿ ಕನ್ನಡ ಎಲ್ಲಿದೆ?

ಮರು:
ಬೆಳಿಗ್ಗೆ ಬಟಾಟೆ ಪಲ್ಯ ತಿಂದು ಬಂದು ಕೇಳುವ ಪ್ರಶ್ನೆಯಾ ಇದು? ಬಟಾಟೆ ಪೋರ್ಚುಗೀಸರದು. ಕಾಗದ ಪಾರ್ಸಿ, ದಾಖಲೆ ಅರಬ್ಬಿ. ಅವನ್ನು ಮೊದಲು ಓಡಿಸಿ, ಆಮೇಲೆ ಫಿಲ್ಮಿಗೆ ಬನ್ನಿ.

ಮರು:
ಬಟಾಟೆ ವಸ್ತುವಿನ ಜೊತೆಗೆ ಬಂತು.

ಮರು:
ಫಿಲ್ಮು ಮತ್ತೇನು ಮರದಲ್ಲಿ ಬೆಳೆಯಿತಾ?

ಮರು:
ಇಬ್ಬರೂ ಸ್ವಲ್ಪ ತಡೀರಿ ಮಾರಾಯ್ರೆ. ಕೇಳಿದವರಿಗೆ ನಾಳೆ ಬೋರ್ಡು ಬೇಕು.

ಕಡತ ಅಂದರೆ ಮೊದಲು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇದಕ್ಕೇ ಹೆಸರಾದವು. ಬಟ್ಟೆ ಹೋಯಿತು, ಹೆಸರು ರಟ್ಟಿನ ಫೈಲಿಗೆ ಬಂದು ಕೂತಿತು. ಹಾಗೆಯೇ "ಪ್ರತಿ". ಯಕ್ಷಗಾನ ಪ್ರಸಂಗಗಳನ್ನು ತಾಳೆಗರಿಯಿಂದ ಕಾಗದಕ್ಕೆ ಇಳಿಸಿದವರು ಪ್ರತಿ ಮಾಡಿದೆವು ಅಂದರೇ ಹೊರತು ಕಾಗದೀಕರಣ ಅನ್ನಲಿಲ್ಲ. ನೀವೂ ಮಾಡುತ್ತಿರುವುದು ಪ್ರತಿಯೇ ಅಲ್ವಾ? "ಡಿಜಿಟಲ್ ಪ್ರತಿ" ಅಂತ ಹಾಕಿ.

ಮರು:
"ಡಿಜಿಟಲ್ ಪ್ರತಿ". ಅರ್ಧ ಇಂಗ್ಲಿಷ್, ಅರ್ಧ ಸಂಸ್ಕೃತ. ಕನ್ನಡಕ್ಕೆ ಜಾಗ ಉಳಿಯಲಿಲ್ಲ. ಭೇಷ್.

ಮರು (ಪ್ರಶ್ನೆ ಕೇಳಿದವಳು):
ಎಲ್ಲರಿಗೂ ಥ್ಯಾಂಕ್ಸ್. ನೀವೆಲ್ಲ ಬೆರಳು ಮಡಚುತ್ತಿದ್ದಾಗ ಇಲ್ಲಿ ಇನ್ನೊಂದು ಡಬ್ಬಿ ತೆರೆದೆವು. ಮುಚ್ಚಳ ತಿರುಗಿಸಿದ ಕೂಡಲೇ ವಿನೆಗರ್ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮು, ಕೆಡಲು ಶುರುವಾದರೆ ಹೀಗೇ ನಾರುತ್ತದೆ. ಸೆಖೆ, ತೇವ ಎರಡೂ ಅದಕ್ಕೆ ಆಗುವುದಿಲ್ಲ, ನಮ್ಮೂರಲ್ಲಿ ಎರಡಕ್ಕೂ ಬರವಿಲ್ಲ. ಅಂಚು ಅಲೆ ಅಲೆಯಾಗಿ ಸುರುಟಿದೆ, ಯಂತ್ರದಲ್ಲಿ ಚಪ್ಪಟೆ ಕೂರುವುದಿಲ್ಲ. ರಿಜಿಸ್ಟರಿನಲ್ಲಿ ಇದಕ್ಕೆ ಏನು ಬರೆಯುವುದು ಅಂತ ಮತ್ತೆ ಪದದ ಚಿಂತೆ. ಅಟೆಂಡರ್ ಮೂಸಿ ನೋಡಿ "ಹುಳಿ ಬಂದಿದೆ" ಅಂದರು. ಹಾಗೇ ಬರೆದೆ. ಸುರುಳಿ 14, ಹುಳಿ ಬಂದಿದೆ, ಮೊದಲು ಸ್ಕ್ಯಾನ್ ಆಗಬೇಕು.

ಬೋರ್ಡಿಗೆ "ಮೈಕ್ರೋಫಿಲ್ಮ್ ಡಿಜಿಟಲ್ ಪ್ರತಿ ವಿಭಾಗ" ಅಂತ ಕೊಟ್ಟಿದ್ದೇನೆ. ಈಗ ಬೋರ್ಡು ಬರೆಯುವವರ ಫೋನು: ಲ-ಕ್ಕೆ ಮ-ಒತ್ತು ಕೊಟ್ಟು ಮೇಲೆ ಅರ್ಧಾಕ್ಷರದ ಗುರುತೂ ಬೇಕಾ, "ಫಿಲಂ" ಅಂತ ಸೊನ್ನೆ ಹಾಕಿದರೆ ಸಾಕಾ? ಅರ್ಧ ಗಂಟೆಯಲ್ಲಿ ಹೇಳಬೇಕು.

ಮರು:
ಎರಡೂ ಅಲ್ಲ. ಕನ್ನಡದ ಪದ ಸ್ವರದಲ್ಲೇ ಮುಗಿಯಬೇಕು. ಫಿಲಮು.